ಕಲಾದಗಿ ಸೀಮೆಯ ನೆಲದೊಳಗಿನ ನೀರು ಮತ್ತು ಅದರ ನಕ್ಷೆ

ಒಂದು ಸೀಮೆಯ ನಕ್ಷೆಯನ್ನು ಎದುರಿಗೆ ಹರಡಿಕೊಂಡಾಗ ಮೊದಲು ಕಣ್ಣಿಗೆ ಬೀಳುವುವು ನದಿಗಳು, ಊರುಗಳು, ಹಾದಿಗಳು, ಗುಡ್ಡಗಳು. ಇವೆಲ್ಲವೂ ನೆಲದ ಮೇಲಿನ ವಸ್ತುಗಳು. ಕಾಲಿದ್ದವನು ನಡೆದು ನೋಡಬಹುದು, ಸರಪಣಿಯಿದ್ದವನು ಅಳೆಯಬಹುದು. ಆದರೆ ಬೇಸಗೆಯ ದಿನಗಳಲ್ಲಿ ಒಂದು ಹಳ್ಳಿಯ ಬಾಳನ್ನು ಹಿಡಿದು ನಿಲ್ಲಿಸುವ ವಸ್ತು ಈ ನಕ್ಷೆಯಲ್ಲಿ ಕಾಣುವುದಿಲ್ಲ. ಅದು ನೆಲದ ಕೆಳಗೆ, ಕಲ್ಲಿನ ಸಂದುಗಳಲ್ಲಿ ಅಡಗಿರುವ ನೀರು. ಕಣ್ಣಿಗೆ ಕಾಣದ ಈ ಸಂಪತ್ತಿಗೂ ಒಂದು ನಕ್ಷೆಯುಂಟೆ? ಉಂಟಾದರೆ ಅದನ್ನು ಬರೆದವರಾರು, ಯಾವ ಕಾಲದಲ್ಲಿ, ಯಾವ ಉದ್ದೇಶದಿಂದ? ಅದರಿಂದ ಒಕ್ಕಲಿಗನಿಗೆ ಆದ ಪ್ರಯೋಜನವೇನು? ಈ ಪ್ರಶ್ನೆಗಳನ್ನು ಕೇಳುಗರ ಮುಂದೆ ಇಡುವುದೇ ನಮ್ಮ ಇಂದಿನ ಉದ್ದೇಶ.

ನಾವು ಆರಿಸಿಕೊಂಡಿರುವ ಸೀಮೆ ಬಾಗಲಕೋಟೆಯ ಜಿಲ್ಲೆ. ಅದರಲ್ಲಿಯೂ ಬೀಳಗಿ ತಾಲ್ಲೂಕಿನ ಬಾಡಗಂಡಿಯ ಸುತ್ತಣ ಪ್ರದೇಶ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ. ಇವೆರಡರ ನಡುವಣ ನೆಲವಿದು. ಎರಡು ಮಹಾನದಿಗಳ ನಡುವೆ ಇರುವವರಿಗೆ ನೀರಿನ ಚಿಂತೆಯೇಕೆ ಎಂದು ದೂರದವರು ಕೇಳಬಹುದು. ಆದರೆ ನದಿ ಹರಿಯುವುದು ತನ್ನ ಪಾತ್ರದಲ್ಲಿ. ಊರುಗಳು ಇರುವುದು ದಿಣ್ಣೆಯ ಮೇಲೆ, ಮಡ್ಡಿಯ ಮೇಲೆ, ಎರೆಯ ಬಯಲಿನಲ್ಲಿ. ಸಹ್ಯಾದ್ರಿಯ ಮಳೆಯ ನೆರಳಿನಲ್ಲಿರುವ ಈ ಭಾಗಕ್ಕೆ ವರ್ಷಕ್ಕೆ ಬೀಳುವ ಮಳೆ ಸರಾಸರಿಯಲ್ಲಿ 600 ಮಿಲಿಮೀಟರನ್ನು ಮುಟ್ಟುವುದೂ ಕಷ್ಟ. ಅದೂ ಒಂದು ವರ್ಷ ಬಂದಂತೆ ಇನ್ನೊಂದು ವರ್ಷ ಬಾರದು. ಕಾಲುವೆಗಳೂ ಏತ ನೀರಾವರಿಯೂ ಬರುವ ಮೊದಲು ನದಿಯ ದಂಡೆಯಿಂದ ಎರಡು ಹರಿದಾರಿ ದೂರವಿದ್ದ ಊರಿಗೆ ಆ ನದಿ ಇದ್ದೂ ಇಲ್ಲದಂತೆಯೇ ಇತ್ತು. ಆ ಊರಿನ ನದಿಯೆಂದರೆ ಅದರ ಬಾವಿಯೇ.

ಬಾವಿ ತೋಡುವ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ನೆಲದೊಳಗಿನ ನೀರನ್ನು ಕಂಡುಹಿಡಿಯುವ ಬಗೆಯನ್ನು ಒಂದು ಅಧ್ಯಾಯವಾಗಿಯೇ ಬರೆದನು. ಇಂತಹ ಮರವಿದ್ದರೆ, ಅದರ ಇಂತಹ ದಿಕ್ಕಿಗೆ ಹುತ್ತವಿದ್ದರೆ, ಇಷ್ಟು ಪುರುಷ ಪ್ರಮಾಣದ ಆಳದಲ್ಲಿ ನೀರು, ನಡುವೆ ಇಂತಹ ಬಣ್ಣದ ಮಣ್ಣು ಮತ್ತು ಕಲ್ಲು ಎಂಬುದು ಅವನ ಕ್ರಮ. ಕನ್ನಡದಲ್ಲಿಯೇ ಈ ವಿದ್ಯೆಯನ್ನು ಹೇಳಿದವನು ಕಲ್ಯಾಣದ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯ. 1025ರ ಸುಮಾರಿನ ಅವನ ಲೋಕೋಪಕಾರವೆಂಬ ಗ್ರಂಥದಲ್ಲಿ ಅಡುಗೆ, ವೈದ್ಯ, ಕೃಷಿಗಳೊಂದಿಗೆ ಜಲಶೋಧನೆಗೂ ಸ್ಥಾನವಿದೆ. ಈ ಲಕ್ಷಣಗಳೆಲ್ಲವನ್ನೂ ಇಂದಿನ ಶಾಸ್ತ್ರ ಒಪ್ಪುವುದಿಲ್ಲ. ಆದರೆ ಎಲ್ಲವನ್ನೂ ಮೂಢನಂಬಿಕೆಯೆಂದು ತಳ್ಳುವುದೂ ನ್ಯಾಯವಲ್ಲ. ಆಳಕ್ಕೆ ಬೇರಿಳಿಸುವ ಮರ ಬೇಸಗೆಯಲ್ಲಿಯೂ ಹಸುರಾಗಿದ್ದರೆ ಅದರ ಕೆಳಗೆ ತೇವವಿರುವುದು ಸಹಜ; ಗೆದ್ದಲಿಗೂ ಹುತ್ತ ಕಟ್ಟಲು ತೇವ ಬೇಕು.

ನಮ್ಮ ಪೂರ್ವಿಕರ ಕಟ್ಟಡಗಳು ಅವರ ಗ್ರಂಥಗಳಿಗಿಂತ ಸ್ಪಷ್ಟವಾದ ಸಾಕ್ಷಿಯನ್ನು ನುಡಿಯುತ್ತವೆ. ಬಾದಾಮಿಯ ಬಳಿ ಮಹಾಕೂಟದ ಪುಷ್ಕರಣಿಯನ್ನು ಗುಡ್ಡಗಳ ನಡುವಣ ಸಹಜವಾದ ಸೆಲೆಯೊಂದು ತುಂಬುತ್ತದೆ. ಆ ಸೆಲೆಯ ಬಳಿಯಲ್ಲಿಯೇ ಚಾಲುಕ್ಯರ ಕಾಲದ ದೇವಾಲಯಗಳ ಸಮೂಹ ಎದ್ದಿತು. ಬೀದರದಲ್ಲಿ ಬಹಮನಿ ಸುಲ್ತಾನರ ಕಾಲದಲ್ಲಿ ತೋಡಿದ ಸುರಂಗ ಜಲಮಾರ್ಗ, ಅಂದರೆ ಕಾರೇಜು, ಇನ್ನೂ ಬೋಧಪ್ರದವಾದದ್ದು. ಅಲ್ಲಿ ಮೇಲೆ ನೀರನ್ನು ಹೀರುವ ಜಂಬಿಟ್ಟಿಗೆಯ ಕಲ್ಲು. ಕೆಳಗೆ ನೀರನ್ನು ತಡೆಯುವ ಕರಿಕಲ್ಲು. ಎರಡರ ಸಂಧಿಯಲ್ಲಿ ನೀರು ಕೂಡುವುದೆಂಬುದನ್ನು ಆ ಸುರಂಗವನ್ನು ತೋಡಿದವರು ಚೆನ್ನಾಗಿ ಬಲ್ಲವರಾಗಿದ್ದರು. ಬಿಜಾಪುರದ ತಾಜ ಬಾವಡಿ 1620ರದು. ಆದಿಲಶಾಹಿಯ ರಾಜಧಾನಿ ಬಾವಿಗಳನ್ನೂ ನೆಲದಡಿಯ ಕಾಲುವೆಗಳನ್ನೂ ನಂಬಿ ಬಾಳಿದ ನಗರ. ಇಷ್ಟೆಲ್ಲ ಜ್ಞಾನವಿದ್ದರೂ ಅದು ಸ್ಥಳಕ್ಕೆ ಅಂಟಿದ ಜ್ಞಾನ. ಒಂದು ಬಾವಿಯನ್ನು ಬಲ್ಲವನಿಗೆ ಆ ಬಾವಿಯ ಸೆಲೆ ಹತ್ತು ಊರಿನಾಚೆ ಎಲ್ಲಿಂದ ಬಂತೆಂಬುದು ತಿಳಿಯದು. ಬಿಡಿಬಿಡಿಯಾದ ಅನುಭವಗಳನ್ನು ಒಂದೇ ಹಾಳೆಯ ಮೇಲೆ ಕೂಡಿಸುವ ಕೆಲಸ, ಅಂದರೆ ನಕ್ಷೆಯ ಕೆಲಸ, ಆಗಿನ್ನೂ ಆರಂಭವಾಗಿರಲಿಲ್ಲ.

ಆ ಕೆಲಸ ಆರಂಭವಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಮದರಾಸಿನ ಸೈನ್ಯದಲ್ಲಿದ್ದ ನ್ಯೂಬೋಲ್ಡ್ ಎಂಬ ಅಧಿಕಾರಿ 1840ರ ದಶಕದಲ್ಲಿ ದಕ್ಷಿಣ ಭಾರತವನ್ನು ಸುತ್ತಿ ಶಿಲೆಗಳ ವಿಷಯವಾಗಿ ಲೇಖನಗಳನ್ನು ಬರೆದನು. 1851ರಲ್ಲಿ ಭಾರತೀಯ ಭೂಗರ್ಭ ಸಮೀಕ್ಷೆಯು ಸ್ಥಾಪಿತವಾಯಿತು. 1858ರಲ್ಲಿ ಆ ಸಂಸ್ಥೆಯನ್ನು ಸೇರಿದ ರಾಬರ್ಟ್ ಬ್ರೂಸ್ ಫೂಟ್ ಎಂಬವರೇ ನಮ್ಮ ಕಥೆಯ ಮುಖ್ಯ ಪುರುಷರು. 1863ರಲ್ಲಿ ಮದರಾಸಿನ ಬಳಿ ಪಲ್ಲಾವರದಲ್ಲಿ ಆದಿಮಾನವನ ಕಲ್ಲಿನ ಆಯುಧವನ್ನು ಗುರುತಿಸಿ ಭಾರತದ ಪ್ರಾಗಿತಿಹಾಸಕ್ಕೆ ಬಾಗಿಲು ತೆರೆದವರೂ ಇವರೇ. 1894ರಲ್ಲಿ ಮೈಸೂರು ಸಂಸ್ಥಾನವು ತನ್ನದೇ ಆದ ಭೂಗರ್ಭಶಾಸ್ತ್ರದ ಇಲಾಖೆಯನ್ನು ತೆರೆದಾಗ ಮೊದಲು ಅದರ ಹೊಣೆಯನ್ನು ಹೊತ್ತವರೂ ಇವರೇ ಆದ್ದರಿಂದ ಮೈಸೂರಿನವರಿಗೂ ಇವರ ಹೆಸರು ಅಪರಿಚಿತವಾದದ್ದಲ್ಲ. ಫೂಟರು ದಕ್ಷಿಣ ಮರಾಠಾ ಸೀಮೆಯೆಂದು ಆಗ ಕರೆಯಲ್ಪಡುತ್ತಿದ್ದ ಬೆಳಗಾವಿ, ಧಾರವಾಡ, ಕಲಾದಗಿಗಳ ಭಾಗವನ್ನು ಸಂಚರಿಸಿ ತಮ್ಮ ವರದಿಯನ್ನು ನಕ್ಷೆಯೊಡನೆ 1876ರಲ್ಲಿ ಪ್ರಕಟಿಸಿದರು. ಈ ಸೀಮೆಯ ಪುರಾತನ ಶಿಲಾಶ್ರೇಣಿಗೆ ಕಲಾದಗಿಯ ಹೆಸರನ್ನಿಟ್ಟವರು ಅವರೇ. ಆಗ ಜಿಲ್ಲೆಯ ಮುಖ್ಯಸ್ಥಾನವಾಗಿದ್ದ ಕಲಾದಗಿಯು ಅನಂತರ ಆ ಪದವಿಯನ್ನು ಬಿಜಾಪುರಕ್ಕೆ ಬಿಟ್ಟುಕೊಟ್ಟಿತು. ಆದರೆ ಭೂಗರ್ಭಶಾಸ್ತ್ರದಲ್ಲಿ ಅದರ ಹೆಸರು ಇಂದಿಗೂ ಅಳಿಯದೆ ನಿಂತಿದೆ.

ಭೂಗರ್ಭದ ನಕ್ಷೆಯನ್ನು ಬರೆಯುವ ಕ್ರಮವನ್ನು ಎರಡು ಮಾತಿನಲ್ಲಿ ಹೇಳಬೇಕು. ನೆಲವನ್ನು ಅಗೆದು ನೋಡುವವರು ಯಾರೂ ಇಲ್ಲ. ಆದರೆ ನೆಲವೇ ಅಲ್ಲಲ್ಲಿ ತನ್ನ ಒಳಗನ್ನು ತೋರಿಸಿಕೊಂಡಿರುತ್ತದೆ. ಹಳ್ಳದ ದಂಡೆ, ಗುಡ್ಡದ ಬೋಳು ಬೆನ್ನು, ಹೊಸದಾಗಿ ತೋಡಿದ ಬಾವಿಯ ಗೋಡೆ, ಇವು ಆ ಕಿಟಕಿಗಳು. ಅಲ್ಲಿ ಕಂಡ ಕಲ್ಲು ಯಾವುದು, ಅದರ ಪದರು ಯಾವ ದಿಕ್ಕಿಗೆ ಎಷ್ಟು ಅಂಶ ಇಳಿಜಾರಾಗಿದೆ ಎಂಬುದನ್ನು ಅಳೆದು ಹಾಳೆಯ ಮೇಲೆ ಗುರುತಿಸುತ್ತಾರೆ. ಇಂತಹ ನೂರಾರು ಗುರುತುಗಳನ್ನು ಕೂಡಿಸಿದರೆ ಪದರುಗಳು ನೆಲದ ಕೆಳಗೆ ಹೇಗೆ ಹೋಗಿ ಎಲ್ಲಿ ಮತ್ತೆ ಮೇಲೇಳುವುವೆಂಬುದು ಊಹೆಗೆ ಸಿಕ್ಕುತ್ತದೆ. ಅಂದಿನ ರಾಜಕೀಯದ ನಕ್ಷೆ ಈ ಸೀಮೆಯಲ್ಲಿ ಕೌದಿಯಂತಿತ್ತು: ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿಯ ಸಂಸ್ಥಾನದ್ದು, ಬೀಳಗಿ ಮತ್ತು ಬಾಗಲಕೋಟೆ ಆಂಗ್ಲರ ಜಿಲ್ಲೆಯವು. ಈ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. 1956ರಲ್ಲಿ ಸೀಮೆಯೆಲ್ಲ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾಯಿತು. ಶಿಲೆಗಳ ನಕ್ಷೆಗೆ ಈ ಗಡಿಗಳಾವುವೂ ಲೆಕ್ಕವಿಲ್ಲ. ಒಬ್ಬ ಅರಸನ ನೆಲದಲ್ಲಿ ಇಳಿದ ಮಳೆ ಇನ್ನೊಬ್ಬ ಅರಸನ ಬಾವಿಯಲ್ಲಿ ಒರತೆಯಾಗಿ ಏಳಬಹುದೆಂಬ ಮಾತು ಆ ನಕ್ಷೆಯಲ್ಲಿಯೇ ಸೂಚಿತವಾಗಿತ್ತು.

ಹಾಗಾದರೆ ಈ ನೆಲದ ರಚನೆ ಎಂತಹುದು? ಒಂದು ಹಳೆಯ ಮನೆಯ ಅಡಿಪಾಯದಂತೆ ಎಲ್ಲಕ್ಕೂ ಕೆಳಗೆ ಇರುವುದು ಕಣಶಿಲೆ ಮತ್ತು ಅದರ ಜಾತಿಯ ಪಟ್ಟೆಗಲ್ಲು; ಇನ್ನೂರೈವತ್ತು ಕೋಟಿ ವರ್ಷಗಳಷ್ಟು ಅಥವಾ ಅದಕ್ಕೂ ಹಿಂದಿನವು. ಜಿಲ್ಲೆಯ ಪೂರ್ವಕ್ಕೆ ಇಳಕಲ್ಲಿನ ಕಡೆ ಇವು ಮೇಲಕ್ಕೇ ಬಂದಿವೆ. ಇಳಕಲ್ಲಿನ ಕೆಂಪು ಕಲ್ಲನ್ನು ದೇಶವೆಲ್ಲ ಬಲ್ಲುದು. ಇದರ ಮೇಲೆ, ನೂರು ಕೋಟಿ ವರ್ಷಗಳಿಗೂ ಹಿಂದೆ, ಆಳವಿಲ್ಲದ ಒಂದು ಸಮುದ್ರದಲ್ಲಿ ಮರಳು, ಕೆಸರು, ಸುಣ್ಣಗಳು ಪದರುಪದರಾಗಿ ಕೂತು ಕಲ್ಲಾದುವು. ಇವೇ ಕಲಾದಗಿಯ ಶಿಲೆಗಳು: ಕೆಳಗೆ ಉಂಡೆಗಲ್ಲಿನ ಪದರು, ಅದರ ಮೇಲೆ ಗಟ್ಟಿಯಾದ ಬೆಣಚಿನ ಮರಳುಗಲ್ಲು, ಬಳಿಕ ಸೀಳುಗಲ್ಲು, ಸುಣ್ಣಕಲ್ಲು. ಲೋಕಾಪುರ ಬಾಗಲಕೋಟೆಗಳ ಸುಣ್ಣಕಲ್ಲಿನಲ್ಲಿ ಆದಿಕಾಲದ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮ್ಯಾಟೊಲೈಟುಗಳ ಪದರುಗಳು ಸಿಕ್ಕಿವೆ. ಕಾಲಾಂತರದಲ್ಲಿ ಈ ಪದರುಗಳು ಒತ್ತಡಕ್ಕೆ ಸಿಕ್ಕಿ ಮಡಿಸಿದ ಕಂಬಳಿಯಂತೆ ಮಡಿಕೆಗೊಂಡುವು. ಮಡಿಕೆಗೊಂಡು ಸವೆದ ಅವುಗಳ ಮೇಲೆ ಮತ್ತೆ ಮರಳು ಹಾಸಿ ಬಾದಾಮಿಯ ಕೆಂಪು ಮರಳುಗಲ್ಲಾಯಿತು. ಚಾಲುಕ್ಯರು ಗುಹಾಲಯಗಳನ್ನು ಕೊರೆದದ್ದು ಈ ಕಲ್ಲಿನಲ್ಲಿ. ಕೊನೆಗೆ, ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ, ನೆಲದ ಬಿರುಕುಗಳಿಂದ ಉಕ್ಕಿದ ಲಾವಾರಸವು ಹರಿದು ಹೆಪ್ಪುಗಟ್ಟಿ ದಖ್ಖನಿನ ಕರಿಕಲ್ಲಾಯಿತು. ಜಮಖಂಡಿ ಮುಧೋಳಗಳ ಬಹುಭಾಗ ಈ ಹೊದಿಕೆಯ ಅಂಚು. ಫೂಟರು ಕಲಾದಗಿಯ ಶ್ರೇಣಿಯನ್ನು ಕೆಳಗಿನದೆಂದೂ ಮೇಲಿನದೆಂದೂ ವಿಭಾಗಿಸಿದ್ದರು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೆಲಸ ಮಾಡಿದವರು ಮಡಿಕೆಗೊಂಡ ಬಾಗಲಕೋಟೆಯ ಗುಂಪನ್ನೂ ಬಹುಮಟ್ಟಿಗೆ ಸಮತಲವಾಗಿರುವ ಬಾದಾಮಿಯ ಗುಂಪನ್ನೂ ಬೇರೆಬೇರೆ ಮಾಡಿ, ಇವೆರಡರ ನಡುವೆ ದೀರ್ಘವಾದ ಕಾಲದ ಅಂತರವಿದೆಯೆಂದು ತೋರಿಸಿದರು. ಮೊದಲಿನ ನಕ್ಷೆಯು ಹೀಗೆ ತಿದ್ದುಪಡಿಗೆ ಒಳಗಾಗುವುದು ಶಾಸ್ತ್ರದ ಧರ್ಮವೇ ಸರಿ.

ಈ ಬೇರೆಬೇರೆ ಬಗೆಯ ಕಲ್ಲುಗಳಲ್ಲಿ ನೀರು ಬೇರೆಬೇರೆ ಬಗೆಯಾಗಿ ನಡೆದುಕೊಳ್ಳುತ್ತದೆ. ಗಂಗೆಯ ಬಯಲಿನಲ್ಲಿ ನೂರಾರು ಅಡಿ ಮರಳಿದೆ. ಅಲ್ಲಿ ಎಲ್ಲಿ ಕೊರೆದರೂ ಬಹುಮಟ್ಟಿಗೆ ನೀರುಂಟು. ನಮ್ಮದು ಗಟ್ಟಿ ಕಲ್ಲಿನ ನಾಡು. ಕಣಶಿಲೆಯ ಒಳಮೈಯಲ್ಲಿ ನೀರಿಗೆ ಎಡೆಯೇ ಇಲ್ಲ. ಮೇಲಿನ ಕೆಲವು ಮೀಟರುಗಳವರೆಗೆ ಕಲ್ಲು ಕೊಳೆತು ಗರಸಾಗಿರುತ್ತದೆ, ನೀರು ನಿಲ್ಲುವುದು ಆ ಗರಸಿನಲ್ಲಿ ಮತ್ತು ಅದರ ಕೆಳಗಿನ ಬಿರುಕುಗಳಲ್ಲಿ. ಬಿರುಕು ಸಿಕ್ಕಿದವನಿಗೆ ನೀರು, ಹತ್ತು ಮಾರು ಈಚೆಗೆ ಕೊರೆದವನಿಗೆ ಬರಿಯ ಕಲ್ಲುಪುಡಿ. ಬೆಣಚಿನ ಮರಳುಗಲ್ಲು ಇನ್ನೂ ಕಠಿಣ; ಸಂದುಗಳಿದ್ದರೆ ಮಾತ್ರ ನೀರು. ಸೀಳುಗಲ್ಲು ಜೇಡಿಯಂತೆ ನೀರನ್ನು ಹಿಡಿದರೂ ಬಿಟ್ಟುಕೊಡುವುದಿಲ್ಲ, ಅದು ಜಿಪುಣ. ಸುಣ್ಣಕಲ್ಲಾದರೋ ನೀರಿನಲ್ಲಿ ಅಷ್ಟಷ್ಟಾಗಿ ಕರಗುವ ಸ್ವಭಾವದ್ದು. ಶತಶತಮಾನಗಳಿಂದ ಹರಿದ ನೀರು ಅದರ ಸಂದುಗಳನ್ನು ಅಗಲಿಸಿ ಕೊಳವೆಗಳನ್ನೂ ಪೊಳ್ಳುಗಳನ್ನೂ ಮಾಡಿರುತ್ತದೆ. ಅಂತಹ ಪೊಳ್ಳು ಸಿಕ್ಕಿದ ಬಾವಿ ಉದಾರವಾಗಿ ನೀರು ಕೊಡುವುದು. ಆದರೆ ಅದೇ ಕೊಳವೆಯಿಂದ ಊರಿನ ಕೊಳೆಯೂ ಸೋಸಿಕೊಳ್ಳದೆ ಬೇಗನೆ ಬಾವಿಯನ್ನು ಸೇರಬಲ್ಲದು. ಕರಿಕಲ್ಲಿನದು ಬೇರೆಯೇ ರೀತಿ. ಲಾವಾ ಒಮ್ಮೆಗೆ ಹರಿದದ್ದಲ್ಲ, ಅಲೆಯ ಮೇಲೆ ಅಲೆಯಾಗಿ ಹರಿದದ್ದು. ಪ್ರತಿಯೊಂದು ಅಲೆಯ ಮೇಲ್ಭಾಗ ಗುಳ್ಳೆಗಳಿಂದ ತೂತುತೂತಾಗಿದೆ, ನಡುಭಾಗ ಗಟ್ಟಿ. ಎರಡು ಅಲೆಗಳ ನಡುವೆ ಕೆಲವೆಡೆ ಸುಟ್ಟ ಇಟ್ಟಿಗೆಯ ಬಣ್ಣದ ಕೆಂಪು ಜೇಡಿಯ ಪದರು ಇರುವುದು. ಅದು ನೀರನ್ನು ಕೆಳಕ್ಕಿಳಿಯಗೊಡದು. ಆದುದರಿಂದ ಕರಿಕಲ್ಲಿನ ಸೀಮೆಯಲ್ಲಿ ನೀರು ಮಾಳಿಗೆಯ ಮನೆಯ ಅಂತಸ್ತುಗಳಂತೆ ಒಂದರ ಕೆಳಗೊಂದು ಇರುವುದು. ಮೇಲಿನ ಅಂತಸ್ತನ್ನು ಬರಿದುಮಾಡಿ ಕೆಳಗಿನದಕ್ಕೆ ಕೈಯಿಡುವವನು, ಕೆಳಗಿನದು ತುಂಬಲು ಎಷ್ಟು ಕಾಲ ಬೇಕೆಂಬುದನ್ನು ಮೊದಲು ವಿಚಾರಿಸಬೇಕು.

ಈ ವಿಚಾರವೆಲ್ಲ 1876ರ ಗ್ರಂಥದಲ್ಲಿ ಇರಬೇಕಾಗಿತ್ತೆ? ಫೂಟರು ಕೇಳಿಕೊಂಡ ಮುಖ್ಯ ಪ್ರಶ್ನೆಗಳು ಶಿಲೆಗಳ ವಯಸ್ಸು, ಅವುಗಳ ಕ್ರಮ, ಖನಿಜಗಳು, ಕಟ್ಟಡದ ಕಲ್ಲು, ಪ್ರಾಚೀನ ಜೀವಿಗಳ ಅವಶೇಷಗಳು. ಗೋಕಾಕದ ಹತ್ತಿರ ಅವರಿಗೆ ಅಳಿದುಹೋದ ಖಡ್ಗಮೃಗದ ಎಲುಬುಗಳು ದೊರೆತಿದ್ದುವು; ಘಟಪ್ರಭೆ ಮಲಪ್ರಭೆಗಳ ಕಣಿವೆಯಲ್ಲಿ ಶಿಲಾಯುಗದ ಆಯುಧಗಳು ದೊರೆತಿದ್ದುವು. ಅವರ ಕಾಲದ ಶಾಸ್ತ್ರ ಕೇಳುತ್ತಿದ್ದ ಪ್ರಶ್ನೆಗಳು ಇವು. ಆದರೆ ಅದೇ 1876ರಲ್ಲಿ ಮಳೆ ಕೈಕೊಟ್ಟಿತು. 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮುಂಬಯಿ ಪ್ರಾಂತದ ಜಿಲ್ಲೆಗಳಲ್ಲಿ ಅತಿಯಾಗಿ ನೊಂದವುಗಳಲ್ಲಿ ಕಲಾದಗಿಯೂ ಒಂದು. 1872ರ ಮತ್ತು 1881ರ ಜನಗಣತಿಗಳ ನಡುವೆ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲೊಂದು ಪಾಲು ಇಳಿಯಿತು. ಸತ್ತವರೆಷ್ಟೊ, ಊರು ಬಿಟ್ಟವರೆಷ್ಟೊ. ಒಂದು ಸೀಮೆಯ ನೆಲದೊಳಗಿನ ರಚನೆಯನ್ನು ಮೊತ್ತಮೊದಲು ವಿವರಿಸಿದ ಗ್ರಂಥ ಅಚ್ಚಾದ ವರ್ಷದಲ್ಲಿಯೇ ಆ ನೆಲದ ಮೇಲಿನ ಜನ ನೀರಿಲ್ಲದೆ ಅನ್ನವಿಲ್ಲದೆ ಚದುರಿಹೋದರು. ಇದರಲ್ಲಿ ಗ್ರಂಥಕರ್ತರ ದೋಷವೇನೂ ಇಲ್ಲ. ಜ್ಞಾನ ಇರುವುದು ಒಂದು, ಅದು ಬೇಕಾದವನ ಕೈಗೆ ಬೇಕಾದ ರೂಪದಲ್ಲಿ ತಲುಪುವುದು ಇನ್ನೊಂದು. ಇವೆರಡರ ನಡುವಣ ದೂರವನ್ನು ಈ ಒಂದು ವರ್ಷ ನಮಗೆ ಕಾಣಿಸಿಕೊಡುತ್ತದೆ.

ಶಾಸ್ತ್ರಕ್ಕೆ ಕಾಣದ ವಸ್ತುವನ್ನು ಕಾನೂನೂ ಕಾಣಲಿಲ್ಲ. 1843ರಲ್ಲಿ ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ, ನೆರೆಯ ಕಲ್ಲಿದ್ದಲ ಗಣಿಯಿಂದ ತನ್ನ ಬಾವಿ ಬತ್ತಿತೆಂದು ಗಿರಣಿಯ ಯಜಮಾನನೊಬ್ಬನು ಮೊಕದ್ದಮೆ ಹೂಡಿದಾಗ, ನೆಲದೊಳಗಿನ ನೀರಿನ ಗತಿಯನ್ನು ಯಾರೂ ತಿಳಿಯಲಾರರು, ಆದುದರಿಂದ ನದಿಯ ನಿಯಮ ಇದಕ್ಕೆ ಹೊಂದುವುದಿಲ್ಲ, ತನ್ನ ನೆಲದಲ್ಲಿ ತಾನು ತೋಡಿದವನದು ತಪ್ಪಲ್ಲ ಎಂಬ ಅರ್ಥದ ತೀರ್ಪಾಯಿತು. ಅದೇ ಭಾವನೆ 1882ರ ಭಾರತೀಯ ಅನುಭೋಗದ ಹಕ್ಕುಗಳ ಅಧಿನಿಯಮದಲ್ಲಿಯೂ ಇಳಿಯಿತು: ಗೊತ್ತಾದ ಪಾತ್ರದಲ್ಲಿ ಹರಿಯದ ಭೂಗತ ಜಲವನ್ನು ತನ್ನ ನೆಲದ ಎಲ್ಲೆಯೊಳಗೆ ಕೂಡಿಸಿಕೊಳ್ಳುವ ಮತ್ತು ವಿನಿಯೋಗಿಸುವ ಹಕ್ಕು ನೆಲದ ಒಡೆಯನದು. ಈ ನಡುವೆ 1856ರಲ್ಲಿಯೇ ಫ್ರಾನ್ಸಿನ ದಿಜೋನ್ ನಗರದ ನೀರಿನ ವ್ಯವಸ್ಥೆಯನ್ನು ಮಾಡಿದ ಆನ್ರಿ ದಾರ್ಸಿ ಎಂಬ ಎಂಜಿನಿಯರನು ಮರಳಿನ ಕೊಳವೆಯಲ್ಲಿ ನೀರನ್ನು ಹಾಯಿಸಿ, ಅದು ಸೋಸಿ ಹರಿಯುವ ವೇಗಕ್ಕೆ ಒಂದು ನಿಯಮವುಂಟೆಂದು ಪ್ರಯೋಗದಿಂದ ಸಿದ್ಧಪಡಿಸಿದ್ದನು. ಅಂದರೆ ನೆಲದೊಳಗಿನ ನೀರು ನಿಗೂಢವೆಂಬ ತೀರ್ಪು ಬಂದು ಹದಿಮೂರೇ ವರ್ಷಗಳಲ್ಲಿ ಆ ನಿಗೂಢ ಲೆಕ್ಕಕ್ಕೆ ಸಿಕ್ಕಿತ್ತು. ಕಾನೂನು ಮಾತ್ರ ಹಳೆಯ ಅಜ್ಞಾನದ ಮೇಲೆ ಕಟ್ಟಿದ ಹಕ್ಕನ್ನು ಬಿಡಲಿಲ್ಲ.

ಬಹುಕಾಲ ಇದರಿಂದ ದೊಡ್ಡ ಹಾನಿಯಾಗಲಿಲ್ಲ. ಏಕೆಂದರೆ ಬಾವಿಯೇ ತನ್ನ ಮಿತಿಯನ್ನು ಹಾಕಿಕೊಂಡಿತ್ತು. ಒಂದು ಜೋಡಿ ಎತ್ತು ಕಪಿಲೆಯಿಂದ ದಿನವೆಲ್ಲ ಎಳೆದರೆ ಒಂದಿಷ್ಟು ತೋಟಕ್ಕೆ ನೀರು. ಎತ್ತು ದಣಿದಾಗ ಬಾವಿಗೂ ವಿಶ್ರಾಂತಿ. ರಾತ್ರಿಯಲ್ಲಿ ಸೆಲೆ ಮತ್ತೆ ಏರುವುದು. ಮನುಷ್ಯರು ಇಳಿದು ಗುದ್ದಲಿ ಹಾರೆಗಳಿಂದ ತೋಡಬಲ್ಲ ಆಳ, ಗರಸು ಮುಗಿದು ಗಟ್ಟಿ ಕಲ್ಲು ಸಿಕ್ಕುವವರೆಗೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಎರಡು ಯಂತ್ರಗಳು ಈ ಮಿತಿಯನ್ನು ತೆಗೆದುಹಾಕಿದುವು: ವಿದ್ಯುತ್ತಿನ ಪಂಪು ಮತ್ತು ಗಾಳಿಯ ಒತ್ತಡದಿಂದ ಗಟ್ಟಿ ಕಲ್ಲನ್ನು ಕೊರೆಯುವ ಯಂತ್ರ. 1960ರ ದಶಕದ ಕೊನೆಯ ಬರಗಾಲಗಳಲ್ಲಿ ಕುಡಿಯುವ ನೀರಿಗಾಗಿ ಇಂತಹ ಯಂತ್ರಗಳು ದೇಶಕ್ಕೆ ಬಂದುವು. ಬಾಗಲಕೋಟೆಯ ನೆರೆಯೆನ್ನಬಹುದಾದ ಸೊಲ್ಲಾಪುರದಲ್ಲಿ ರೂಪಗೊಂಡ ಕೈಪಂಪಿನ ಮಾದರಿಯಿಂದಲೇ 1970ರ ದಶಕದಲ್ಲಿ ಇಂಡಿಯಾ ಮಾರ್ಕ್ ಎರಡು ಎಂಬ ಪಂಪು ಸಿದ್ಧವಾಗಿ ಲೋಕವನ್ನೆಲ್ಲ ಸುತ್ತಿತು. ಹಳ್ಳಿಯ ಹೆಣ್ಣುಮಕ್ಕಳ ತಲೆಯ ಮೇಲಿನ ಕೊಡದ ದಾರಿಯನ್ನು ಅದು ಎಷ್ಟು ಕಿರಿದುಮಾಡಿತೆಂಬುದನ್ನು ಮರೆಯಲಾಗದು. ಆದರೆ ಕುಡಿಯುವ ನೀರಿಗೆಂದು ಬಂದ ಯಂತ್ರ ಹೊಲಕ್ಕೂ ಬಂತು. ಕೊಳವೆಬಾವಿ ನೂರು ಅಡಿಯಿಂದ ಇನ್ನೂರಕ್ಕೆ, ಇನ್ನೂರರಿಂದ ಇನ್ನೂ ಆಳಕ್ಕೆ ಇಳಿಯಿತು. ನೆರೆಯವನು ಆಳಕ್ಕೆ ಕೊರೆಸಿದರೆ ತನ್ನದು ಬತ್ತುವುದೆಂಬ ಭಯದಿಂದ ತಾನೂ ಕೊರೆಸುವುದು, ಅದಕ್ಕೆ ಸಾಲ, ನೀರು ಬಾರದಿದ್ದರೆ ಮತ್ತೊಂದು ಸಾಲ. ಹಳ್ಳಿಗಳಲ್ಲಿ ಎಷ್ಟೋ ಸಂಸಾರಗಳು ಮುಳುಗಿದ್ದು ಹೊಳೆಯ ನೀರಿನಲ್ಲಲ್ಲ, ಇಂತಹ ಬತ್ತಿದ ಕೊಳವೆಗಳಲ್ಲಿ.

ಇಂತಹ ಸ್ಥಿತಿಯಲ್ಲಿಯೇ ನೀರಿನ ನಕ್ಷೆಯ ಅಗತ್ಯ ನಿಜವಾಗಿ ಅರಿವಾಯಿತು. 1970ರಲ್ಲಿ ಕೇಂದ್ರ ಸರ್ಕಾರದ ಕೊಳವೆಬಾವಿ ಶೋಧನೆಯ ಸಂಸ್ಥೆಗೆ ಕೇಂದ್ರೀಯ ಅಂತರ್ಜಲ ಮಂಡಲಿಯೆಂಬ ಹೆಸರಾಯಿತು; 1972ರಲ್ಲಿ ಭೂಗರ್ಭ ಸಮೀಕ್ಷೆಯ ಅಂತರ್ಜಲ ವಿಭಾಗವೂ ಅದರಲ್ಲಿ ಕೂಡಿತು. ಗೊತ್ತುಮಾಡಿದ ವೀಕ್ಷಣಾ ಬಾವಿಗಳಲ್ಲಿ ಜನವರಿ, ಮೇ, ಆಗಸ್ಟ್, ನವೆಂಬರ್, ಹೀಗೆ ವರ್ಷಕ್ಕೆ ನಾಲ್ಕು ಬಾರಿ ನೀರಿನ ಮಟ್ಟವನ್ನು ಅಳೆಯುವ ಕ್ರಮ ಬೆಳೆಯಿತು. ಕೊರೆಯದೆಯೇ ಒಳಗನ್ನು ತಿಳಿಯುವ ಉಪಾಯವೂ ಕೈಗೆ ಬಂದಿತ್ತು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಫ್ರಾನ್ಸಿನ ಶ್ಲುಂಬರ್ಜೆ ಮತ್ತು ಅಮೆರಿಕೆಯ ವೆನ್ನರ್ ಎಂಬವರು ನೆಲಕ್ಕೆ ವಿದ್ಯುತ್ತನ್ನು ಹಾಯಿಸಿ ಅದಕ್ಕೆ ಆಗುವ ತಡೆಯನ್ನು ಅಳೆಯುವ ವಿಧಾನಗಳನ್ನು ರೂಪಿಸಿದರು. ಒಣಗಿದ ಗಟ್ಟಿ ಕಲ್ಲು ವಿದ್ಯುತ್ತನ್ನು ಬಹಳವಾಗಿ ತಡೆಯುತ್ತದೆ. ನೀರು ತುಂಬಿದ ಬಿರುಕು ಸುಲಭವಾಗಿ ಹಾಯಗೊಡುತ್ತದೆ. ಆದರೆ ಜೇಡಿಯೂ ಉಪ್ಪುನೀರೂ ಹಾಗೆಯೇ ಹಾಯಗೊಡುವುದರಿಂದ, ಯಂತ್ರವು ಹೇಳಿದ ಅಂಕಿಯನ್ನು ಅರ್ಥಮಾಡಬೇಕಾದರೆ ಅಲ್ಲಿಯ ಕಲ್ಲು ಯಾವುದೆಂಬುದು ಮೊದಲೇ ತಿಳಿದಿರಬೇಕು. ಇಲ್ಲಿ ಮತ್ತೆ ಫೂಟರ ಹಳೆಯ ಶಿಲೆಗಳ ನಕ್ಷೆಯೇ ಅಡಿಪಾಯ. ಖಡ್ಗಮೃಗದ ಎಲುಬನ್ನೂ ಶಿಲೆಯ ವಯಸ್ಸನ್ನೂ ಹುಡುಕುತ್ತ ಬರೆದ ಗೆರೆಗಳು, ನೂರು ವರ್ಷಗಳ ಬಳಿಕ ನೀರನ್ನು ಹುಡುಕುವವರಿಗೆ ದಾರಿ ತೋರಿದುವು.

2012ರಲ್ಲಿ ಕೇಂದ್ರೀಯ ಅಂತರ್ಜಲ ಮಂಡಲಿಯ ಕೈಯಲ್ಲಿ ದೇಶದ ಜಲಧಾರಕ ಶಿಲೆಗಳನ್ನೆಲ್ಲ ನಕ್ಷೆಗೆ ಇಳಿಸುವ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. ಅದರ ಪ್ರಾಯೋಗಿಕ ಕ್ಷೇತ್ರಗಳಲ್ಲಿ ತುಮಕೂರು ಜಿಲ್ಲೆಯ ಅಂಕಸಂದ್ರದ ಜಲಾನಯನವೂ ಒಂದು. ಅಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯವರು ಹೆಲಿಕಾಪ್ಟರಿನಿಂದ ತೂಗುಬಿಟ್ಟ ವಿದ್ಯುತ್ಕಾಂತೀಯ ಯಂತ್ರದಿಂದ ನೆಲದ ಒಳಗನ್ನು ಪರೀಕ್ಷಿಸಿದರು. 2023ರ ವೇಳೆಗೆ ದೇಶದಲ್ಲಿ ಸುಮಾರು 25 ಲಕ್ಷ ಚದರ ಕಿಲೋಮೀಟರುಗಳ ನಕ್ಷೆ ಮುಗಿದಿತ್ತು. ಒಂದು ಕುದುರೆ, ಒಂದು ಸುತ್ತಿಗೆ, ಒಂದು ದಿಕ್ಸೂಚಿಯೊಡನೆ ಆರಂಭವಾದ ಕೆಲಸ ಇಲ್ಲಿಯವರೆಗೆ ಬಂದಿತು.

ಈಗ ನಾವು ಮತ್ತೆ ಬಾಡಗಂಡಿಯ ಸೀಮೆಗೆ ಬರೋಣ. ಇಲ್ಲಿ ನೀರಿನ ಮೇಲ್ಮೈಯ ಚಿತ್ರವೇ ಕಳೆದ ಅರ್ಧ ಶತಮಾನದಲ್ಲಿ ಬದಲಾಗಿದೆ. 1964ರಲ್ಲಿ ಅಡಿಗಲ್ಲನ್ನು ಕಂಡ ಆಲಮಟ್ಟಿಯ ಜಲಾಶಯದ ಹಿನ್ನೀರು ಕೃಷ್ಣೆ ಘಟಪ್ರಭೆಗಳೆರಡರ ಕಣಿವೆಯಲ್ಲಿಯೂ ಹಿಂದಕ್ಕೆ ಹರಡಿತು. ಬಾಗಲಕೋಟೆಯ ಹಳೆಯ ಊರಿನ ಭಾಗಗಳೂ ದಂಡೆಯ ಅನೇಕ ಹಳ್ಳಿಗಳೂ ಮುಳುಗಿದುವು. ಜಮಖಂಡಿಯ ಕಡೆ ಚಿಕ್ಕಪಡಸಲಗಿಯಲ್ಲಿ ರೈತರೇ ವಂತಿಗೆ ಕೂಡಿಸಿ ಶ್ರಮದಾನ ಮಾಡಿ 1989ರಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಬಾಂದಾರ ಶ್ರಮಬಿಂದು ಸಾಗರವೆಂದು ಹೆಸರಾಯಿತು. ಜೋಳ ಬೆಳೆಯುತ್ತಿದ್ದ ನೆಲದಲ್ಲಿ ಕಬ್ಬು ನಿಂತಿತು, ಸಕ್ಕರೆಯ ಕಾರ್ಖಾನೆಗಳು ಎದ್ದುವು. ಇದರ ಫಲವಾಗಿ ಒಂದೇ ಜಿಲ್ಲೆಯಲ್ಲಿ ಎರಡು ವಿರುದ್ಧವಾದ ಕಷ್ಟಗಳು ನೆರೆಹೊರೆಯಾಗಿವೆ. ನೀರು ಹಾಯುವ ತಗ್ಗಿನ ಎರೆಯಲ್ಲಿ ನೀರು ಇಂಗದೆ ನಿಂತು ಸವಳು ಮೇಲೇಳುತ್ತದೆ. ನೀರು ಮುಟ್ಟದ ಮಡ್ಡಿಯಲ್ಲಿ ಕೊಳವೆಬಾವಿಗಳು ಬತ್ತುತ್ತವೆ. ಕೆಲವೆಡೆ ಆಳದ ನೀರಿನಲ್ಲಿ ಫ್ಲೋರೈಡು, ಕೆಲವೆಡೆ ಮೇಲಿನ ನೀರಿನಲ್ಲಿ ನೈಟ್ರೇಟು. ಮೊದಲನೆಯದು ಕಲ್ಲಿನಿಂದ ಬಂದದ್ದು, ಎರಡನೆಯದು ಬಹುಮಟ್ಟಿಗೆ ನಾವೇ ಹಾಕಿದ ಗೊಬ್ಬರ ಮತ್ತು ಕೊಳೆಯಿಂದ ಬಂದದ್ದು. ತಗ್ಗಿನ ಎರೆಯಲ್ಲಿ ಬಾವಿಯಿಂದ ನೀರೆತ್ತುವುದು ನೆಲಕ್ಕೆ ಉಪಕಾರ. ಮಡ್ಡಿಯ ಮೇಲೆ ಅದೇ ಕೆಲಸ ಅಪಕಾರ. ಎಲ್ಲಿ ಎತ್ತಬೇಕು, ಎಲ್ಲಿ ಇಂಗಿಸಬೇಕು, ಎಲ್ಲಿ ಕೈಮುಟ್ಟಬಾರದು ಎಂಬುದನ್ನು ಹೇಳಬಲ್ಲುದು ನೆಲದೊಳಗಿನ ನಕ್ಷೆಯೊಂದೇ. ಸೀಳುಗಲ್ಲಿನ ಮೇಲೆ ಇಂಗುಗುಂಡಿ ತೋಡಿದರೆ ಅದು ಸೊಳ್ಳೆಯ ಹೊಂಡವಾಗುವುದು. ಬಿರುಕುಬಿಟ್ಟ ಬೆಣಚಿನ ಅಥವಾ ಸುಣ್ಣಕಲ್ಲಿನ ಪದರು ಮೇಲಕ್ಕೆ ಬಂದಲ್ಲಿ ತೋಡಿದರೆ ಅದೇ ಗುಂಡಿ ಕೆಳಗಿನ ಊರಿನ ಬಾವಿಗೆ ತವರುಮನೆಯಾಗಬಹುದು.

ಆದರೆ ನಕ್ಷೆಯ ಮಿತಿಯನ್ನೂ ಮರೆಯಬಾರದು. ರಾಷ್ಟ್ರೀಯ ಕಾರ್ಯಕ್ರಮದ ಮೊದಲ ನಕ್ಷೆಗಳು ಐವತ್ತು ಸಾವಿರಕ್ಕೆ ಒಂದರ ಪ್ರಮಾಣದವು. ಅಂದರೆ ಹಾಳೆಯ ಮೇಲಿನ ಒಂದು ಸೆಂಟಿಮೀಟರು ನೆಲದ ಮೇಲಿನ ಅರ್ಧ ಕಿಲೋಮೀಟರು. ಆ ಅರ್ಧ ಕಿಲೋಮೀಟರಿನೊಳಗೆ ಹತ್ತಾರು ಹೊಲಗಳೂ ಅನೇಕ ಬಾವಿಗಳೂ ಅಡಗಿಹೋಗುತ್ತವೆ. ಜಿಲ್ಲೆಯ ನಕ್ಷೆ ಜಿಲ್ಲೆಗೆ ಬುದ್ಧಿ ಹೇಳಬಲ್ಲುದು. ಇಂತಹವರ ಹೊಲದ ಇಂತಹ ಮೂಲೆಯಲ್ಲಿ ಕೊರೆಸೆಂದು ಹೇಳಲಾರದು. ಆ ಅಂತರವನ್ನು ತುಂಬಬಲ್ಲವರು ಹಳ್ಳಿಯವರೇ. ಹೊಸ ಕೊಳವೆಬಾವಿ ಕೊರೆಯುವಾಗ ಎಷ್ಟು ಅಡಿಗೆ ಗರಸು ಮುಗಿಯಿತು, ಎಷ್ಟಕ್ಕೆ ಕಲ್ಲು ಬಣ್ಣ ಬದಲಾಯಿಸಿತು, ಯಾವ ಆಳದಲ್ಲಿ ನೀರು ಸಿಕ್ಕಿತು ಎಂಬುದನ್ನು ಯಾರಾದರೂ ಬರೆದಿಟ್ಟರೆ ಅದೊಂದು ಅಮೂಲ್ಯವಾದ ದಾಖಲೆ. ನಮ್ಮಲ್ಲಿ ಕೊರೆದ ಪುಡಿ ಗಾಳಿಗೆ ಹೋಗುತ್ತದೆ, ಅದರೊಡನೆ ಜ್ಞಾನವೂ ಹೋಗುತ್ತದೆ. ಬತ್ತಿದ ಬಾವಿಯೂ ಒಂದು ಉತ್ತರವನ್ನು ಹೇಳಿಯೇ ಬತ್ತಿರುತ್ತದೆ. ಅದನ್ನು ಬರೆದುಕೊಳ್ಳದಿದ್ದರೆ ನೆರೆಯವನು ಮತ್ತೆ ಅದೇ ಪ್ರಶ್ನೆಯನ್ನು ಸಾಲದ ಹಣದಿಂದ ಕೇಳಬೇಕಾಗುತ್ತದೆ. 2020ರಲ್ಲಿ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಆರಂಭವಾದ ಅಟಲ್ ಭೂಜಲ ಯೋಜನೆಯಲ್ಲಿ ಪಂಚಾಯತಿಗಳೇ ತಮ್ಮ ಮಳೆಯ ಮತ್ತು ಬಾವಿಯ ಮಟ್ಟದ ಅಳತೆಯನ್ನಿಟ್ಟು ನೀರಿನ ಜಮಾಖರ್ಚನ್ನು ಬರೆಯುವ ಕ್ರಮವನ್ನು ತಂದದ್ದು ಈ ದಿಕ್ಕಿನಲ್ಲಿ ಇಟ್ಟ ಒಳ್ಳೆಯ ಹೆಜ್ಜೆ.

ಕಾನೂನೂ ತಡವಾಗಿಯಾದರೂ ಶಾಸ್ತ್ರದ ಹಿಂದೆ ನಡೆಯತೊಡಗಿದೆ. ಅಂತರ್ಜಲದ ಬಳಕೆಯನ್ನು ನಿಯಂತ್ರಿಸುವ ಕರ್ನಾಟಕದ ಅಧಿನಿಯಮ 2011ರದು. ಗೊತ್ತುಮಾಡಿದ ಪ್ರದೇಶಗಳಲ್ಲಿ ಬಾವಿ ಕೊರೆಯಲು ಅನುಮತಿ ಬೇಕೆಂಬುದು ಅದರ ಸಾರ. ಅಪ್ಪಣೆಯಿಂದ ಮಾತ್ರ ಈ ಕಾರ್ಯ ಆಗುವುದೆಂದು ನಾವು ನಂಬಲಾರೆವು. ಕಾಣದ ವಸ್ತುವಿನ ವಿಷಯದಲ್ಲಿ ದಂಡದ ಭಯ ಬಹುದೂರ ನಡೆಯದು. ಆದರೆ ತನ್ನ ಬಾವಿಯೂ ನೆರೆಯವನ ಬಾವಿಯೂ ಒಂದೇ ಪದರಿನಿಂದ ಕುಡಿಯುತ್ತಿವೆಯೆಂಬುದನ್ನು ಒಕ್ಕಲಿಗನು ನಕ್ಷೆಯಲ್ಲಿ ಕಣ್ಣಾರೆ ಕಂಡಾಗ, ಅದು ಹೊಳೆಯ ನೀರಿನಷ್ಟೇ ಹಂಚಿಕೊಳ್ಳಬೇಕಾದ ವಸ್ತುವೆಂಬುದು ಅವನಿಗೆ ಯಾರೂ ಹೇಳದೆಯೇ ಹೊಳೆಯುವುದು. ಕೆರೆಯ ನೀರನ್ನು ತೂಬಿನ ಸರದಿಯಂತೆ ಹಂಚಿಕೊಂಡ ಜನ ನಾವು. ಕೆರೆ ಕಣ್ಣಿಗೆ ಕಾಣುತ್ತಿದ್ದುದರಿಂದ ಅದು ಸಾಧ್ಯವಾಯಿತು. ನೆಲದೊಳಗಿನ ಕೆರೆಯನ್ನೂ ಕಾಣಿಸಿದರೆ ಅದೇ ವಿವೇಕ ಅಲ್ಲಿಯೂ ಮೂಡದಿರಲು ಕಾರಣವಿಲ್ಲ.

ಆದುದರಿಂದ ನಮ್ಮ ಸೂಚನೆ ಸರಳವಾದದ್ದು. ಕಚೇರಿಯ ಕಪಾಟುಗಳಲ್ಲಿಯೂ ದೂರದ ನಗರದ ಗ್ರಂಥಭಂಡಾರಗಳಲ್ಲಿಯೂ ಇರುವ ಈ ನಕ್ಷೆಗಳನ್ನು ಕನ್ನಡದ ಅಕ್ಷರಗಳಲ್ಲಿ, ಗರಸು, ಕರಿಕಲ್ಲು, ಸುಣ್ಣಕಲ್ಲು ಎಂಬ ಊರಿನ ಹೆಸರುಗಳಿಂದಲೇ ಬರೆದು, ಒಂದೊಂದು ಪಂಚಾಯತಿಯ ಗೋಡೆಯ ಮೇಲೆಯೂ ಒಂದೊಂದು ಶಾಲೆಯ ಗೋಡೆಯ ಮೇಲೆಯೂ ತೂಗಿಹಾಕಬೇಕು. ಊರಿನ ಒಂದೆರಡು ಬಾವಿಗಳಲ್ಲಿ ತಿಂಗಳಿಗೊಮ್ಮೆ ಹಗ್ಗ ಇಳಿಬಿಟ್ಟು ನೀರಿನ ಮಟ್ಟವನ್ನು ಅಳೆದು ಆ ನಕ್ಷೆಯ ಪಕ್ಕದಲ್ಲಿ ಬರೆಯುವ ಕೆಲಸವನ್ನು ಶಾಲೆಯ ಹುಡುಗ ಹುಡುಗಿಯರಿಗೆ ಒಪ್ಪಿಸಬಹುದು. ಖರ್ಚು ಒಂದು ಹಗ್ಗದ್ದು. ಹತ್ತು ವರ್ಷಗಳಲ್ಲಿ ಅದರಿಂದ ಕೂಡುವ ದಾಖಲೆ ಹಣ ಕೊಟ್ಟರೆ ದೊರೆಯುವಂತಹದಲ್ಲ. 1876ರಲ್ಲಿ ಈ ಸೀಮೆಯ ನೆಲದ ಜ್ಞಾನ ಒಂದು ಕಡೆ ಅಚ್ಚಾಯಿತು, ಈ ಸೀಮೆಯ ಜನ ಇನ್ನೊಂದು ಕಡೆ ಬಾಯಾರಿದರು. ಮುಂದಿನ ಬರಗಾಲ ಬರುವುದು ನಿಶ್ಚಯ. ಯಾವ ವರ್ಷವೆಂಬುದು ಮಾತ್ರ ಅನಿಶ್ಚಿತ. ಅದು ಬಂದಾಗ ನಕ್ಷೆಯೂ ಜನರೂ ಒಂದೇ ಕಡೆ ಇರುವಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಹೊಣೆ.